ಕಪ್ಪು ಕಾರಿನ ಬಿಳಿ ಬೊಟ್ಟು

ಬಿಳಿ ಸೀರೆ ಉಟ್ಟು ಮದುವೆಯ ಊಟಕ್ಕೆ ಕೂತವಳ ಕಷ್ಟ ನಮಗೆಲ್ಲ ಗೊತ್ತಿರುವುದೇ. ಸಾರಿನ ಬಕೆಟ್ ಹಿಡಿದವನು ಇನ್ನೂ ನಾಲ್ಕು ಎಲೆ ಆಚೆ ಇರುವಾಗಲೇ ಅವಳು ಸೆರಗನ್ನು ಮಡಿಲಿಗೆ ಸೆಳೆದುಕೊಂಡು ಉಸಿರು ಬಿಗಿಹಿಡಿದಿರುತ್ತಾಳೆ. ಕಪ್ಪು ಕಾರು ಕೊಂಡವರ ಪಾಡು ಇದಕ್ಕಿಂತ ಬೇರೆಯಲ್ಲ. ವ್ಯತ್ಯಾಸವೆಂದರೆ, ಸೀರೆಯ ಭಯ ಊಟ ಮುಗಿಯುವವರೆಗೆ. ಕಾರಿನ ಭಯ ಸಾಲದ ಕಂತು ತೀರಿದ ಮೇಲೂ ಉಳಿಯುತ್ತದೆ.

ನಮ್ಮ ಮನೆಗೆ ಕಾರು ಬಂದು ಆರು ವರ್ಷವಾಯಿತು. ನಮ್ಮವರು ನಿವೃತ್ತಿಯ ಹಣದಲ್ಲಿ ಕೊಂಡದ್ದು. ಕಾಗದಪತ್ರದಲ್ಲಿ ಅದರ ಬಣ್ಣ ಕಡುನೀಲಿ. ನಮ್ಮ ಬೀದಿಯವರಿಗೆಲ್ಲ ಅದು ಕಪ್ಪೇ. "ಇಷ್ಟು ಬಣ್ಣ ಇರುವಾಗ ಶನಿಯ ಬಣ್ಣವೇ ಬೇಕಿತ್ತೇನಪ್ಪಾ?" ಎಂದು ನಮ್ಮ ಅತ್ತೆಯವರು ಆಗಲೇ ಕೇಳಿದ್ದರು. ನಮ್ಮವರು ಅಂಗಡಿಯ ದೀಪದಡಿಯಲ್ಲಿ ಅದರ ಹೊಳಪು ಕಂಡು ಸೋತುಹೋಗಿದ್ದರು. ಮಗಳ ಮನೆ ಮಂಗಳೂರಿನಲ್ಲಿ, ನಾವಿರುವುದು ಹಾಸನದಲ್ಲಿ. ಹೀಗಾಗಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವುದು, ಮತ್ತೆ ಹತ್ತುವುದು ನಮ್ಮ ಪಾಲಿಗೆ ಬಂದ ದಾರಿ. ಆ ದಾರಿಯನ್ನು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದರು. ಘಾಟಿಯ ಮೇಲಿನ ರಸ್ತೆಯ ಅಗಲೀಕರಣವಂತೂ ವರ್ಷಗಟ್ಟಲೆ ನಡೆಯಿತು. ರಸ್ತೆ ಕೆಲಸ ಇದ್ದಲ್ಲಿ ಜಲ್ಲಿ ಇರುತ್ತದೆ, ಜಲ್ಲಿ ಇದ್ದಲ್ಲಿ ಟಿಪ್ಪರ್ ಇರುತ್ತದೆ, ಟಿಪ್ಪರಿನ ಹಿಂದೆ ನಾವಿರುತ್ತೇವೆ.

ಈಗ ನಮ್ಮ ಕಾರಿನ ಬಾನೆಟ್ಟಿನ ಮೂತಿಯ ಮೇಲೆ ಹನ್ನೊಂದು ಬಿಳಿ ಚುಕ್ಕೆಗಳಿವೆ. ಪ್ರತಿಯೊಂದರ ವಿಳಾಸವೂ ನಮ್ಮವರಿಗೆ ಗೊತ್ತು. "ಇದು ದೋಣಿಗಾಲಿನದು, ಇದು ಗುಂಡ್ಯದ ಹತ್ತಿರದ್ದು, ಇವೆರಡು ಅರಸೀಕೆರೆ ರಸ್ತೆಯವು" ಎಂದು ಬೆರಳಿಟ್ಟು ತೋರಿಸುತ್ತಾರೆ. ನನ್ನ ಮೂರು ಹೆರಿಗೆಯ ತಾರೀಖು ಕೇಳಿದರೆ ಇಷ್ಟು ಥಟ್ಟನೆ ಹೇಳಲಾರರು, ಇರಲಿ.

ಕಪ್ಪು ಬಣ್ಣದ ಮೇಲೆ ಕಲ್ಲು ಬಿದ್ದರೆ ಬಿಳಿ ಚುಕ್ಕೆ ಏಕಾಗುತ್ತದೆ ಎಂದು ನಾನು ಒಮ್ಮೆ ಪೇಂಟಿಂಗ್ ಮಾಡುವವನನ್ನು ಕೇಳಿದೆ. ಅವನು ಕೆಲಸ ನಿಲ್ಲಿಸಿ ತಾಳ್ಮೆಯಿಂದ ವಿವರಿಸಿದ. ಕಾರಿನ ಬಣ್ಣವೆಂದರೆ ಒಂದೇ ಬಳಿತವಲ್ಲ. ತಗಡಿನ ಮೇಲೆ ಮೊದಲು ಫಾಸ್ಫೇಟಿನ ಲೇಪ. ಆಮೇಲೆ ಕಾರಿನ ಇಡೀ ಒಡಲನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಹಿಡಿಸುವ ಪ್ರೈಮರ್. ತುಕ್ಕು ತಡೆಯುವುದು ಅದೇ. ಅದರ ಮೇಲೆ ಇನ್ನೊಂದು ಪ್ರೈಮರ್, ಸಾಮಾನ್ಯವಾಗಿ ಬೂದು ಬಣ್ಣದ್ದು. ಅದರ ಮೇಲೆ ನಾವು ಆರಿಸಿ, ಜಗಳವಾಡಿ ಕೊಂಡ ಬಣ್ಣ. ಕೊನೆಗೆ ಗಾಜಿನಂತೆ ತಿಳಿಯಾದ ಒಂದು ಪದರ. ಅಂಗಡಿಯಲ್ಲಿ ನಮ್ಮವರನ್ನು ಸೋಲಿಸಿದ ಹೊಳಪು ಅದರದ್ದೇ. ಇಷ್ಟೆಲ್ಲ ಸೇರಿ ದಪ್ಪ ಎಷ್ಟೆಂದುಕೊಂಡಿರಿ? ಸುಮಾರು 100ರಿಂದ 130 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರನ್ನು ಸಾವಿರ ಮಾಡಿದಾಗ ಸಿಗುವ ಒಂದು ಪಾಲು. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪಕ್ಕಿಂತ ತುಸು ಹೆಚ್ಚು, ಅಷ್ಟೆ. ಕಲ್ಲು ಬಡಿದಾಗ ಮೇಲಿನ ತಿಳಿಪದರ ಸೀಳಿ ಬೆಳ್ಳಗಾಗುತ್ತದೆ. ಪೆಟ್ಟು ಆಳವಾಗಿದ್ದರೆ ಬಣ್ಣ ಹಾರಿಹೋಗಿ ಕೆಳಗಿನ ಬೂದಿಯೋ ತಗಡೋ ಇಣುಕುತ್ತದೆ. ಬಿಳಿ ಕಾರಿಗೂ ಇಷ್ಟೇ ಪೆಟ್ಟು ಬಿದ್ದಿರುತ್ತದೆ, ಆದರೆ ಅದು ಹೇಳಿಕೊಳ್ಳುವುದಿಲ್ಲ. ತುಕ್ಕು ಬಂದಮೇಲೆಯೇ ತಿಳಿಯುವುದು. ಕಪ್ಪು ಕಾರು ಆ ಕ್ಷಣವೇ ಹೇಳಿಬಿಡುತ್ತದೆ.

ಲಕ್ಷಾಂತರ ರೂಪಾಯಿಯ ಚೆಲುವೆಲ್ಲ ಒಂದು ಹಾಳೆಯ ದಪ್ಪದಲ್ಲಿದೆ ಎಂದು ತಿಳಿದ ದಿನ ನನಗೆ ನಗು ಬಂತು. ನಮ್ಮವರಿಗೆ ಬರಲಿಲ್ಲ.

ಮೊದಲ ಚುಕ್ಕೆ ಬಿದ್ದ ದಿನ ಅವರು ರಾತ್ರಿಯ ಊಟ ಸರಿಯಾಗಿ ಮಾಡಲಿಲ್ಲ. ಅತ್ತೆಯವರು ಗೇಟಿನ ಬಳಿ ಹೋಗಿ ಕನ್ನಡಕ ಏರಿಸಿ ನೋಡಿ, "ಬಿಡು ಮಗಾ, ದೃಷ್ಟಿ ಬೊಟ್ಟು ಆಯ್ತು. ಇನ್ನು ಯಾರ ಕಣ್ಣೂ ತಾಗಲ್ಲ" ಎಂದರು. ಕೆಂಪಗಿನ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು. ಕಪ್ಪು ಕಾರಿಗೆ ಕಲ್ಲು ಇಟ್ಟ ಬಿಳಿ ಬೊಟ್ಟು. ತಾಯಂದಿರ ಈ ಯೋಚನೆಯಲ್ಲಿ ನನಗೆ ತುಂಬ ಇಷ್ಟವಾಗುವ ಒಂದು ಅಂಶವಿದೆ. ಕುಂದಿಲ್ಲದ್ದಕ್ಕೆ ಅಪಾಯ ಹೆಚ್ಚು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಚಂದದ ಮಗುವಿಗೆ ತಾವೇ ಒಂದು ಕುಂದು ಬರೆದು ಕಳಿಸುತ್ತಿದ್ದರು. ಬೊಟ್ಟಿಟ್ಟ ಮಗುವನ್ನು ಬೀದಿಯವರೆಲ್ಲ ಎತ್ತಿ ಆಡಿಸಬಹುದಿತ್ತು.

ಒಂದು ಚುಕ್ಕೆಗಾಗಿ ಊಟ ಬಿಡುವುದು ತಪ್ಪೇ ಎಂಬುದು ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ. 'ವಸ್ತುವಿನ ಮೇಲೆ ಮೋಹವೇಕೆ, ಎಲ್ಲ ಬಿಟ್ಟುಹೋಗುವುದೇ' ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಹಾಗೆ ಹೇಳುವವರ ಮನೆಯ ಪಾತ್ರೆಗಳನ್ನು ಯಾರೋ ಹೆಂಗಸು ಬೆಳಗಿಟ್ಟಿರುತ್ತಾಳೆ. ನಮ್ಮಮ್ಮ ವರ್ಷಕ್ಕೊಮ್ಮೆ ಕಲಾಯಿಯವನನ್ನು ಕರೆಸಿ, ಅವನು ಹಿತ್ತಾಳೆಯ ಪಾತ್ರೆಗೆ ತವರ ಹಿಡಿಸುವುದನ್ನು ಎದುರೇ ಕೂತು ನೋಡುತ್ತಿದ್ದಳು. ಅದು ದುರಾಸೆಯೇ? ಆ ಪಾತ್ರೆಯಲ್ಲಿ ನಾವು ಉಣ್ಣಬೇಕಿತ್ತು. ಕಷ್ಟಪಟ್ಟು ದುಡಿದು ಕೊಂಡದ್ದನ್ನು ಜೋಪಾನ ಮಾಡುವುದು ದುಡಿಮೆಗೆ ತೋರಿಸುವ ಮರ್ಯಾದೆ. ತಗಡು ಕಂಡ ಚುಕ್ಕೆಯನ್ನು ಹಾಗೇ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಬಣ್ಣದ ಅಡಿಯಲ್ಲಿ ಹರಡಿ ಗುಳ್ಳೆ ಏಳುತ್ತದೆ. ಪ್ಲಾಸ್ಟಿಕ್ಕಿನ ಬಂಪರಿಗಾದರೆ ಆ ಭಯವಿಲ್ಲ, ಬಾನೆಟ್ಟಿಗೆ ಇದೆ. ಆದ್ದರಿಂದ ಆ ಕಾರಿನದೇ ನಂಬರಿನ ಬಣ್ಣದ ಪುಟ್ಟ ಶೀಶೆ ತಂದು, ಚುಕ್ಕೆಯನ್ನು ತೊಳೆದು ಒಣಗಿಸಿ, ಕಡ್ಡಿಯ ತುದಿಯಲ್ಲಿ ಒಂದು ಹನಿ ತುಂಬುವುದು ಒಳ್ಳೆಯ ಕೆಲಸವೇ. ಕುಂಕುಮ ಇಡುವಷ್ಟೇ ನಾಜೂಕು ಬೇಕು. ನಮ್ಮವರ ಕೈ ನಡುಗುತ್ತದೆಂದು ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಆ ಶೀಶೆ ಔಷಧಿಯ ಡಬ್ಬದಲ್ಲಿರುತ್ತದೆ.

ಜೋಪಾನ ಎಲ್ಲಿಯವರೆಗೆ ಗುಣ, ಎಲ್ಲಿಂದ ದೋಷ ಎಂಬುದನ್ನು ತಿಳಿಯಲು ನಾವು ಹೆಂಗಸರು ವೇದಾಂತಕ್ಕೆ ಹೋಗಬೇಕಿಲ್ಲ, ಬೀರು ತೆರೆದರೆ ಸಾಕು. ಮದುವೆಯ ಧಾರೆ ಸೀರೆಯನ್ನು ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ ಇಪ್ಪತ್ತು ವರ್ಷ ಮುಟ್ಟದೆ ಇಟ್ಟವರ ಗತಿ ಏನಾಗುತ್ತದೆ? ತೆಗೆದು ನೋಡಿದರೆ ಮಡಿಕೆಯುದ್ದಕ್ಕೂ ರೇಷ್ಮೆ ಸೀಳಿರುತ್ತದೆ, ಜರಿ ಕಪ್ಪಾಗಿರುತ್ತದೆ. ಉಟ್ಟು, ಗಾಳಿಗೆ ಹರವಿ, ಮಡಿಕೆ ಬದಲಿಸುತ್ತಿದ್ದವಳ ಸೀರೆಯೇ ಇದಕ್ಕಿಂತ ಚೆನ್ನಾಗಿರುತ್ತದೆ. ಮೊದಲೆಲ್ಲ ಟಿ.ವಿ.ಗೆ ಬಾಗಿಲಿರುವ ಮರದ ಪೆಟ್ಟಿಗೆ, ಅದಕ್ಕೊಂದು ಕಸೂತಿಯ ಬಟ್ಟೆ, ರಿಮೋಟಿಗೆ ಪ್ಲಾಸ್ಟಿಕ್ ಚೀಲ ಇರುತ್ತಿದ್ದವು. ಸೋಫಾದ ಮೇಲಿನ ಪಾಲಿಥೀನ್ ಹಾಳೆ ತೆಗೆಯದೆ ಬೇಸಿಗೆಯಲ್ಲಿ ಬೆವರುತ್ತ ಕೂತ ಮನೆಗಳನ್ನು ನಾನೇ ಬಲ್ಲೆ. ಸೋಫಾ ಹೊಸದಾಗಿಯೇ ಇತ್ತು, ಅದರ ಮೇಲೆ ಯಾರೂ ಸುಖವಾಗಿ ಕೂರಲಿಲ್ಲ.

ಕಾರಿನಲ್ಲೂ ಈ ತಮಾಷೆ ಇದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಕಾರಿನ ಮೂತಿಗೆ ಚರ್ಮದಂಥ ಕಪ್ಪು ಹೊದಿಕೆ ಕಟ್ಟುವ ರೂಢಿ ಜೋರಾಗಿತ್ತು. ಅವರು ಅದಕ್ಕಿಟ್ಟ ಹೆಸರು ಹೆಂಗಸರ ಒಳಉಡುಪಿನದು. ಗಂಡಸರ ಕಲ್ಪನೆ ಎಲ್ಲಿಗೆ ಹೋಗುತ್ತದೆ ನೋಡಿ. ಕಲ್ಲಿನ ಪೆಟ್ಟನ್ನೇನೋ ಅದು ತಡೆಯಿತು. ಆದರೆ ಅದರಡಿ ನೀರು, ಮರಳು ಸೇರಿ ಕಾರು ಓಡಿದಷ್ಟೂ ಉಜ್ಜಿ ಬಣ್ಣ ಮಂಕಾಯಿತು. ನಮ್ಮೂರುಗಳಲ್ಲಿ ಬೀದಿಯಲ್ಲಿ ನಿಂತ ಕಾರಿಗೆ ಧೂಳು ಕೊಡವದೆಯೇ ಕವರ್ ಹೊದಿಸುತ್ತಾರಲ್ಲ, ಅದೂ ಹೀಗೆಯೇ. ಗಾಳಿಗೆ ಕವರ್ ಅಲ್ಲಾಡಿದಾಗಲೆಲ್ಲ ಒಳಗಿನ ಧೂಳು ಉಪ್ಪುಕಾಗದದಂತೆ ತಿಕ್ಕುತ್ತದೆ. ಬೆಳಗಿನ ಬಿಸಿಲಿಗೆ ಓರೆಯಾಗಿ ನೋಡಿ, ಕಪ್ಪು ಕಾರಿನ ಮೈತುಂಬ ಜೇಡರ ಬಲೆಯಂಥ ಗೀರು ಕಾಣುತ್ತದೆ. ಒಣ ಬಟ್ಟೆಯಿಂದ ಒರೆಸಿದ್ದರ ಫಲವೂ ಅದೇ.

ಹಾಗಾದರೆ ಕಲ್ಲಿನಿಂದ ಕಾಪಾಡುವ ಉಪಾಯವೇನು? ಈಗ ಪಟ್ಟಣಗಳಲ್ಲೆಲ್ಲ ಎರಡು ಮಾರಾಟಕ್ಕಿವೆ. ಒಂದು ಸೆರಾಮಿಕ್ ಲೇಪ. ಹೊಳಪು ಕೊಡುತ್ತದೆ, ಕೊಳೆ ಬೇಗ ಬಿಡುತ್ತದೆ, ಅಷ್ಟು ನಿಜ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್ ಇದ್ದರೆ ಹೆಚ್ಚು, ಮುಕ್ಕಾಲು ಇಂಚಿನ ಜಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಕಲ್ಲೂ ತಾಗುವುದಿಲ್ಲ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಇನ್ನೊಂದು ಪಾಲಿಯುರಿಥೇನಿನ ಪಾರದರ್ಶಕ ಹಾಳೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳು, ಚೂರುಗಳಿಂದ ಉಳಿಸಲು ಹುಟ್ಟಿದ್ದು ಈ ಬಗೆಯ ಪಟ್ಟಿ. ಈಗಿನ ಹಾಳೆ 150ರಿಂದ 200 ಮೈಕ್ರಾನ್ ದಪ್ಪ, ಅಂದರೆ ಬಣ್ಣಕ್ಕಿಂತ ಅದರ ಹೊದಿಕೆಯೇ ದಪ್ಪ! ರಬ್ಬರಿನಂತೆ ಹಿಗ್ಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಒಳ್ಳೆಯ ಹಾಳೆಯಾದರೆ ಸಣ್ಣ ಗೀರುಗಳು ಬಿಸಿಲಿನ ಕಾವಿಗೆ ತಾವೇ ಮಾಯುತ್ತವೆ. ಅಗ್ಗದ್ದು ಹೆಚ್ಚಾಗಿ ಪಿ.ವಿ.ಸಿ.ಯದು, ಅದು ಬೇಗ ಹಳದಿಯಾಗುತ್ತದೆ. ಇಡೀ ಕಾರಿಗೆ ಒಳ್ಳೆಯದನ್ನು ಹೊದಿಸಲು ಲಕ್ಷದ ಆಸುಪಾಸು, ದೊಡ್ಡ ಕಾರಾದರೆ ಅದಕ್ಕೂ ಮೇಲೆ. ಪೆಟ್ಟು ಬೀಳುವುದು ಮುಖ್ಯವಾಗಿ ಬಂಪರ್, ಬಾನೆಟ್ಟಿನ ಮೂತಿ, ಕನ್ನಡಿಯ ಬೆನ್ನು, ಚಕ್ರದ ಹಿಂದಿನ ಕೆಳಭಾಗ ಇಷ್ಟಕ್ಕೇ. ಇವಕ್ಕೆ ಮಾತ್ರ ಹಾಕಿಸಿದರೆ ಖರ್ಚು ಕಡಿಮೆ.

ನಮ್ಮವರು ವಾರಗಟ್ಟಲೆ ಲೆಕ್ಕ ಹಾಕಿದರು. ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸುವ ಖರ್ಚು ಹಾಳೆಗಿಂತ ಎಷ್ಟೋ ಕಡಿಮೆ ಎಂದು ಕೊನೆಗೆ ಕಂಡುಕೊಂಡರು. ನಾವು ಹಾಕಿಸಲಿಲ್ಲ. ಹಾಕಿಸಿದವರನ್ನು ನಾನು ಹೀಗಳೆಯುವುದೂ ಇಲ್ಲ. ದುಡ್ಡು ಅವರದು, ಹಾಳೆಯಿಂದ ಇನ್ನೊಬ್ಬರಿಗೆ ನೋವೇನೂ ಇಲ್ಲ.

ಎಲ್ಲಕ್ಕಿಂತ ಅಗ್ಗದ ಉಪಾಯ ಒಂದಿದೆ. ಅದನ್ನು ಯಾರೂ ಮಾರುವುದಿಲ್ಲ, ಆದ್ದರಿಂದ ಅದಕ್ಕೆ ಜಾಹೀರಾತಿಲ್ಲ. ಕಲ್ಲು ಹಾರಿ ಬಂದು ಕಾರಿಗೆ ಬಡಿಯಿತು ಎನ್ನುತ್ತೇವೆ. ಮುಂದಿನ ಗಾಡಿಯ ಚಕ್ರ ಕಲ್ಲನ್ನು ಎತ್ತಿ ಹಾಕುವುದು ನಿಜ; ಆದರೆ ಎಷ್ಟೋ ಸಲ ಅದು ಗಾಳಿಯಲ್ಲಿ ಸುಮ್ಮನೆ ಏಳುತ್ತ ಬೀಳುತ್ತ ಇರುತ್ತದೆ, ನಾವೇ ರಭಸದಿಂದ ಹೋಗಿ ಅದಕ್ಕೆ ಬಡಿದುಕೊಳ್ಳುತ್ತೇವೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. ನಲವತ್ತರಲ್ಲಿ ಹೋಗುವಾಗ 'ಟಿಕ್' ಎಂದು ಜಾರಿಹೋಗುವ ಕಲ್ಲು ಎಂಬತ್ತರಲ್ಲಿ ಬಣ್ಣ ಕಿತ್ತುಕೊಂಡು ಹೋಗುತ್ತದೆ. ಟಿಪ್ಪರಿನಿಂದ ದೂರ ಉಳಿಯುವುದು, ಹೊಸದಾಗಿ ಜಲ್ಲಿ ಹರಡಿದ ಕಡೆ ಮೆಲ್ಲಗೆ ಹೋಗುವುದು: ಲಕ್ಷದ ಹಾಳೆಯ ಬಹುಪಾಲು ಕೆಲಸವನ್ನು ಇವೆರಡೇ ಮಾಡುತ್ತವೆ. ಕಾರಿಗೆ ಇದರಿಂದ ಎಷ್ಟು ಒಳ್ಳೆಯದೋ ರಸ್ತೆಬದಿಯಲ್ಲಿ ನಡೆಯುವವರಿಗೂ ಅಷ್ಟೇ ಒಳ್ಳೆಯದು.

ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ಅಪರಿಗ್ರಹದ ಮಾತು ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಏನನ್ನೂ ಇಟ್ಟುಕೊಳ್ಳದೆ ಮಳೆ ಬಿಸಿಲಿಗೆ ನಿಂತ ಗೊಮ್ಮಟನನ್ನು ನೋಡಿ, ಕೆಳಗಿಳಿದು, ಕಾರಿನ ಬಾಗಿಲಿಗೆ ಯಾರಾದರೂ ಗೀರಿದ್ದಾರೆಯೇ ಎಂದು ಸುತ್ತು ಹಾಕುವವರು ನಾವು. ಜೈನರ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಈ ವಿಚಾರದಲ್ಲಿ ಒಂದು ಸೂಕ್ಷ್ಮ ತೋರಿಸಿದ್ದಾನೆ. ಮನೆಯಲ್ಲಿ ಎಷ್ಟು ವಸ್ತುವಿದೆ ಎಂದು ಅವನು ಎಣಿಸುವುದಿಲ್ಲ. ವಸ್ತುವಿನ ಬಗ್ಗೆ ಮನಸ್ಸಿಗೆ ಆಗುವುದನ್ನು ನೋಡುತ್ತಾನೆ. ಅದಕ್ಕೆ ಅವನು ಬಳಸಿದ ಪದ 'ಮೂರ್ಛೆ'. ಕನ್ನಡದಲ್ಲಿ ಆ ಪದಕ್ಕೆ ಎಚ್ಚರ ತಪ್ಪುವುದು ಎಂದೇ ಅರ್ಥ. ಮೂರ್ಛೆ ಹೋದವರಿಗೆ ಪಕ್ಕದಲ್ಲಿ ಯಾರಿದ್ದಾರೆಂಬುದು ತಿಳಿಯುವುದಿಲ್ಲ.

ನನ್ನ ಪ್ರಶ್ನೆಗೆ ಇಲ್ಲೊಂದು ದಾರಿ ಕಂಡಿತು. ನಾನು ಒಂದು ವಸ್ತುವನ್ನು ಕಾಪಾಡುವಾಗ ಅದರ ಬೆಲೆ ಯಾರು ತೆರುತ್ತಿದ್ದಾರೆ? ನಾನೇ ತೆತ್ತರೆ, ಹೆಚ್ಚೆಂದರೆ ಅದು ನನ್ನ ಹುಚ್ಚು. ಇನ್ನೊಬ್ಬರು ತೆರುತ್ತಿದ್ದರೆ ಅದು ಬೇರೆಯೇ ಮಾತು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ದೊಡ್ಡ ಕಾರುಗಳ ಮುಂದೆಲ್ಲ ಕಬ್ಬಿಣದ ಕೊಳವೆಯ ಗಾರ್ಡು ಇರುತ್ತಿತ್ತು, ನೆನಪಿದೆಯೇ? ದನ ಅಡ್ಡ ಬಂದರೂ ಬಂಪರಿಗೆ ಪೆಟ್ಟಾಗಬಾರದು ಎಂದು. ಈಗಿನ ಕಾರುಗಳ ಮುಂಭಾಗವನ್ನು ಪೆಟ್ಟು ಬಿದ್ದಾಗ ನಜ್ಜುಗುಜ್ಜಾಗಲೆಂದೇ ಮಾಡಿರುತ್ತಾರೆ. ಕಾರು ಮುದುಡಿದಷ್ಟು ಮನುಷ್ಯರಿಗೆ ತಾಗುವ ಏಟು ಕಡಿಮೆ. ಆ ಗಾರ್ಡು ಮುದುಡುವುದಿಲ್ಲ. ಅಡ್ಡ ಬಂದ ಮನುಷ್ಯನ ಕಾಲು, ಸೊಂಟ ಮುರಿಯುತ್ತದೆ. ಒಳಗಿನ ಗಾಳಿಚೀಲಗಳು ಸಮಯಕ್ಕೆ ಬಿಚ್ಚಿಕೊಳ್ಳದಂತೆಯೂ ಮಾಡಬಲ್ಲದು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ತಿಳಿಸಿತು. ಆಗ ನಮ್ಮ ಬೀದಿಯಲ್ಲಿ ಗೊಣಗಿದವರು ಬಹಳ ಮಂದಿ. "ನಮ್ಮ ಕಾರು, ನಮ್ಮ ಗಾರ್ಡು, ಇವರಿಗೇನು?" ಎನ್ನುವ ಮಾತು ಕೇಳಿ ನಾನು ಸುಮ್ಮನಿದ್ದೆ. ಗಾರ್ಡು ಅವರದೇ. ಕಾಲು ಮಾತ್ರ ಬೇರೆಯವರದು.

ಇದಾದರೂ ಕಬ್ಬಿಣ, ಕಣ್ಣಿಗೆ ಕಾಣುತ್ತದೆ. ಕಾಣದ ಗಾರ್ಡುಗಳ ಕತೆ ಕಷ್ಟ.

ನಮ್ಮ ಬಳಗದ ಒಂದು ಮನೆಯವರು ಕಪ್ಪು ಬಣ್ಣದ ದೊಡ್ಡ ಕಾರು ಕೊಂಡರು. ಅದಕ್ಕೊಬ್ಬ ಡ್ರೈವರ್. ನಮ್ಮ ಕಡೆಯ ಹಳ್ಳಿಯವನೇ, ಇಬ್ಬರು ಚಿಕ್ಕ ಮಕ್ಕಳ ತಂದೆ. ಒಂದು ದಿನ ಕರಾವಳಿಯಲ್ಲಿ ಮದುವೆ. ಮನೆಯಿಂದ ಹೊರಡುವಾಗಲೇ ಹೊತ್ತಾಗಿತ್ತು. ಹೊತ್ತು ಮಾಡಿದವರು ಯಾರೆಂದು ಹೆಂಗಸರಾದ ನಮಗೆ ಹೇಳಬೇಕಿಲ್ಲ, ಸೆರಗಿಗೆ ಪಿನ್ ಸಿಕ್ಕಿರಲಿಲ್ಲ. ದಾರಿಯುದ್ದಕ್ಕೂ "ಮುಹೂರ್ತ ತಪ್ಪುತ್ತೆ, ಹೋಗಪ್ಪಾ ಬೇಗ" ಎಂದು ಹಿಂದಿನಿಂದ ಒತ್ತಾಯ. ಘಾಟಿಯ ಮೇಲೆ ಜಲ್ಲಿ ತುಂಬಿದ ಟಿಪ್ಪರು. ಹಿಂದಿಕ್ಕಲು ಜಾಗ ಸಿಗಲೆಂದು ಅವನು ಅದರ ಬೆನ್ನಿಗೇ ಅಂಟಿಕೊಂಡು ಹೋದ. ಬಾನೆಟ್ಟಿಗೆ ನಾಲ್ಕು ಚುಕ್ಕೆ ಬಿತ್ತು. ಆ ತಿಂಗಳ ಸಂಬಳದಲ್ಲಿ ಎರಡು ಸಾವಿರ ಹಿಡಿದುಕೊಂಡರು.

ಇದನ್ನು ನನಗೆ ಹೇಳಿದವಳು ಆ ಮನೆಯಾಕೆಯೇ. ಸಕ್ಕರೆ ಡಬ್ಬಕ್ಕೆ ಇರುವೆ ಬರದಂತೆ ಲವಂಗ ಹಾಕಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ನಾನು, "ಬೇಗ ಹೋಗು ಅಂದವರು ನೀವೇ ಅಲ್ವೇನೇ?" ಎಂದೆ.

"ಅಂದ್ವಿ ಅಕ್ಕಾ. ಆದ್ರೆ ಗಾಡಿ ಅವನ ಕೈಲಿತ್ತಲ್ವಾ? ಅವನಿಗೂ ಸ್ವಲ್ಪ ಜವಾಬ್ದಾರಿ ಬರ್ಬೇಕಲ್ಲ" ಎಂದಳು.

ಅವಳು ಕೆಟ್ಟವಳಲ್ಲ. ಅವನ ಮಕ್ಕಳಿಗೆ ಪ್ರತಿ ಜೂನಿನಲ್ಲಿ ನೋಟ್‌ಬುಕ್ಕು ಕೊಡಿಸುವವಳು. ಅವಳ ಮಾತಿನಲ್ಲಿ ಸ್ವಲ್ಪವೂ ನಿಜವಿಲ್ಲ ಎಂದೂ ನಾನು ಹೇಳಲಾರೆ. ಹುಷಾರಾದ ಡ್ರೈವರು ಟಿಪ್ಪರಿನಿಂದ ದೂರವೇ ಇರಬೇಕು. ಆದರೆ ದೂರವಿರಲು ಬೇಕಾದ್ದು ಹತ್ತು ನಿಮಿಷ. ಆ ಹತ್ತು ನಿಮಿಷ ಅವನ ಬಳಿ ಇರಲಿಲ್ಲ, ಇದ್ದದ್ದು ಹಿಂದಿನ ಸೀಟಿನವರ ಬಳಿ. ಅವರು ಅದನ್ನು ಕೊಡಲಿಲ್ಲ. ಅವಸರ ನಮ್ಮದು, ಚುಕ್ಕೆ ಅವನದು ಎಂದು ಹಂಚಿಕೊಂಡರೆ ಆ ಹಂಚಿಕೆಗೆ ಜವಾಬ್ದಾರಿ ಎಂಬ ದೊಡ್ಡ ಹೆಸರು ಒಪ್ಪುವುದಿಲ್ಲ.

ಎರಡು ಸಾವಿರದ ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ಒಂದು ವರ್ಷದ ಮೇಲೆ ಅದೇ ಹುಡುಗ ಅವರ ಮನೆಯ ಲಗ್ನಪತ್ರಿಕೆ ಕೊಡಲು ನಮ್ಮಲ್ಲಿಗೆ ಬಂದಿದ್ದ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, ನಮ್ಮ ಕಾರಿನ ಚುಕ್ಕೆಗಳನ್ನು ನೋಡಿ ನಕ್ಕು, "ನಿಮ್ಮದರಲ್ಲಿ ಹನ್ನೊಂದಿದ್ರೂ ಯಾರೂ ಏನೂ ಅನ್ನಲ್ಲ ಅಲ್ವಾಮ್ಮಾ?" ಎಂದ. ಆಮೇಲೆ ತಾನಾಗಿಯೇ ಒಂದು ಮಾತು ಹೇಳಿದ. ಹೋದ ಮಳೆಗಾಲದ ನಂತರ ಬೇಲೂರು ರಸ್ತೆಯಲ್ಲಿ ಗುಂಡಿ ಮುಚ್ಚಲು ಬೇಬಿ ಜಲ್ಲಿ ಹರಡಿದ್ದರಂತೆ. ಕಲ್ಲು ಸಿಡಿಯಬಾರದೆಂದು ಇವನು ಥಟ್ಟನೆ ಬಲಕ್ಕೆ ಎಳೆದ. ಎದುರಿನಿಂದ ಸ್ಕೂಟರಿನಲ್ಲಿ ಒಬ್ಬ ಹೆಂಗಸು, ಮುಂದೆ ನಿಂತ ಮಗು. ಹೇಗೋ ತಪ್ಪಿತು. ಯಾರಿಗೂ ಏನೂ ಆಗಲಿಲ್ಲ.

"ಅಮ್ಮಾ, ಆವತ್ತು ಎದುರಿಗೆ ಬರ್ತಿದ್ದ ಸ್ಕೂಟರ್‌ಗಿಂತ ಮುಂಚೆ ನನ್ ಕಣ್ಣಿಗೆ ಕಂಡಿದ್ದು ಕೆಳಗಿದ್ದ ಜಲ್ಲಿ" ಎಂದ. ಲೋಟ ಕೆಳಗಿಟ್ಟು, "ಮೊದ್ಲು ಹಂಗಿರ್ಲಿಲ್ಲ ನಾನು" ಎಂದ.

ಆ ಮಾತನ್ನು ನಾನು ಬಹಳ ದಿನ ಮರೆಯಲಾಗಲಿಲ್ಲ. ಎರಡು ಸಾವಿರ ರೂಪಾಯಿ ಹಿಡಿದುಕೊಂಡವರು ಅವನಿಂದ ಹಣವನ್ನಷ್ಟೇ ತೆಗೆದುಕೊಂಡಿರಲಿಲ್ಲ. ಅವನ ಕಣ್ಣು ಯಾವುದನ್ನು ಮೊದಲು ನೋಡಬೇಕೋ ಆ ಸರದಿಯನ್ನೇ ಬದಲಿಸಿದ್ದರು. ಉಮಾಸ್ವಾತಿಯ ಮೂರ್ಛೆ ವಸ್ತು ಇಟ್ಟುಕೊಂಡವರಿಗೆ ಬರುವಂಥದ್ದು. ಅದು ಸಂಬಳಕ್ಕೆ ದುಡಿಯುವವನಿಗೂ ಹೀಗೆ ಅಂಟುತ್ತದೆ, ಕಾರು ಅವನದಲ್ಲದಿದ್ದರೂ. ಗಾಜಿನ ಲೋಟ ಒಡೆದ ಕೆಲಸದ ಹುಡುಗಿ ಮೊದಲು ತನ್ನ ಕಾಲಿನ ರಕ್ತ ನೋಡಿಕೊಳ್ಳುತ್ತಾಳೋ, ಒಡತಿಯ ಮುಖ ನೋಡುತ್ತಾಳೋ? ಆ ಮನೆಯ ಜೋಪಾನ ಎಂಥದ್ದೆಂದು ಅದರಲ್ಲೇ ತಿಳಿಯುತ್ತದೆ. ನಮ್ಮ ಮನೆಯ ಮಕ್ಕಳನ್ನೂ ಹೀಗೆಯೇ ಅಳೆಯಬಹುದು. ಕಾರಿನ ಬಾಗಿಲಿಗೆ ಸೈಕಲ್ಲು ತಾಗಿಸಿ ಬಿದ್ದ ಮಗು ಅಳುವುದು ಮಂಡಿ ತರಚಿದ್ದಕ್ಕೋ, ಅಪ್ಪ ನೋಡಿದನೆಂದೋ?

ಕಲ್ಲಿನ ಮಾತು ಬಂದಾಗ ನನಗೆ ನೆನಪಾಗುವವರು ಇನ್ನೂ ಕೆಲವರಿದ್ದಾರೆ. ನಮ್ಮ ಬಾಲ್ಯದಲ್ಲಿ ರಸ್ತೆಗೆ ಹಾಕುವ ಜಲ್ಲಿಯನ್ನು ರಸ್ತೆಬದಿಯಲ್ಲೇ ಕೂತು ಸುತ್ತಿಗೆಯಿಂದ ಒಡೆಯುತ್ತಿದ್ದರು. ಹೆಚ್ಚಿನವರು ಹೆಂಗಸರು. ಬೆರಳಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿಕೊಂಡು, ತಲೆಯ ಮೇಲೆ ಹರಿದ ಸೆರಗು, ಹುಣಸೆಮರದ ಕೊಂಬೆಗೆ ಕೂಸಿನ ಜೋಲಿ. ಸುತ್ತಿಗೆ ಬಿದ್ದಾಗಲೆಲ್ಲ ಚೂರು ಸಿಡಿಯುತ್ತಿತ್ತು. ನಾವು ಶಾಲೆಗೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಓಡಿ ದಾಟುತ್ತಿದ್ದೆವು. ಅವರು ಅಲ್ಲೇ ದಿನವಿಡೀ ಕೂತಿರುತ್ತಿದ್ದರು. ಈಗ ಕ್ರಷರುಗಳು ಬಂದಿವೆ. ಕ್ರಷರಿನ ಬಿಳಿ ಧೂಳು ಅಲ್ಲಿ ದುಡಿಯುವವರ ಎದೆಗೂಡಿಗೆ ಇಳಿದು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆ. ಡಾಂಬರು ಹಾಕುವಲ್ಲಿ ಬಾಂಡ್ಲಿಯಲ್ಲಿ ಜಲ್ಲಿ ಹೊತ್ತು ಸುರಿಯುವ ಹೆಂಗಸರು ಈಗಲೂ ಇದ್ದಾರೆ. ನಾವು ಅವರ ಪಕ್ಕದಲ್ಲೇ ಹಾದುಹೋಗುತ್ತೇವೆ. ನಮ್ಮ ಚಕ್ರ ಎಸೆದ ಕಲ್ಲು ಎಲ್ಲಿಗೆ ಹೋಯಿತೆಂದು ಹಿಂತಿರುಗಿ ನೋಡುವವರು ಕಡಿಮೆ. ಮುಂದಿನವರ ಚಕ್ರದಿಂದ ನಮಗೆ ಬಿದ್ದ ಚುಕ್ಕೆಯ ಲೆಕ್ಕ ನಮ್ಮಲ್ಲಿದೆ. ನಮ್ಮ ಚಕ್ರದಿಂದ ಹಿಂದಿನವರಿಗೆ ಬಿದ್ದದ್ದರ ಲೆಕ್ಕ ಯಾರ ಬಳಿಯೂ ಇಲ್ಲ.

ಹಾಗೆಂದು ಕಾರು ಮಾರಿ ನಡೆದುಕೊಂಡು ಹೋಗಲು ನಾನು ಸಿದ್ಧಳಿಲ್ಲ, ಮಂಡಿನೋವಿದೆ. ಚಕ್ರದ ಹಿಂದೆ ಕಟ್ಟುವ ಮಡ್‌ಫ್ಲ್ಯಾಪ್ ಎಂಬ ರಬ್ಬರಿನ ಪಟ್ಟಿಯೊಂದನ್ನು ನೀವೂ ನೋಡಿರುತ್ತೀರಿ. ನಾಲ್ಕಕ್ಕೂ ಸೇರಿ ಒಂದು ಸಾಧಾರಣ ಸೀರೆಯ ಬೆಲೆಯಲ್ಲಿ ಬರುತ್ತದೆ. ಮುಂದಿನ ಚಕ್ರದ ಪಟ್ಟಿ ನಮ್ಮ ಕಾರಿನ ಕೆಳಮೈಯನ್ನು ನಮ್ಮದೇ ಚಕ್ರದ ಕಲ್ಲಿನಿಂದ ಉಳಿಸುತ್ತದೆ. ಹಿಂದಿನ ಚಕ್ರದ್ದು ನಮಗೆ ಹೆಚ್ಚೇನೂ ಉಪಕಾರ ಮಾಡುವುದಿಲ್ಲ, ಹಿಂದೆ ಬರುವ ಬೈಕಿನವನ ಮುಖಕ್ಕೆ ಕೆಸರೂ ಕಲ್ಲೂ ಹಾರದಂತೆ ತಡೆಯುತ್ತದೆ. ಅಂಗಡಿಯಲ್ಲಿ ನಮ್ಮವರು ಮುಂದಿನ ಎರಡು ಸಾಕು ಎನ್ನುತ್ತಿದ್ದರು. ನಾನು ನಾಲ್ಕೂ ಹಾಕಿಸಿದೆ.

ಟಿಪ್ಪರಿಗೆ ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿಯಾಗಿದೆ. ಟಾರ್ಪಾಲು ಹೊದಿಸದ ಜಲ್ಲಿಯ ಗಾಡಿ ಮುಂದೆ ಸಿಕ್ಕಿದರೆ ನಮ್ಮವರು ಅದನ್ನು ಹಿಂದಿಕ್ಕಲು ಹೋಗುವುದಿಲ್ಲ. ಎಳನೀರಿನವನು ಕಂಡ ಕಡೆ ಪಕ್ಕಕ್ಕೆ ಹಾಕುತ್ತಾರೆ. ಅವರಿಗೆ ಬಾನೆಟ್ಟಿನ ಚಿಂತೆ, ನನಗೆ ಎಳನೀರಿನ ಆಸೆ. ಇಬ್ಬರ ಕಾರಣ ಬೇರೆಯಾದರೂ ಕಾರು ನಿಲ್ಲುತ್ತದೆ. ಮಾರನಹಳ್ಳಿಯ ಬಳಿ ಹೋದ ಸಲ ಹಾಗೆ ನಿಂತಿದ್ದಾಗ ಎಳನೀರು ಕೊಚ್ಚುವವನು ಕಾರಿನ ಮೂತಿ ನೋಡಿ, "ಬಣ್ಣ ಚೆನ್ನಾಗಿತ್ತು ಸಾರ್, ಕಲ್ಲು ಬಿದ್ದಿದೆ" ಎಂದ. ನಮ್ಮವರು ಹನ್ನೊಂದರ ವಿಳಾಸವನ್ನೂ ಅವನಿಗೆ ಹೇಳತೊಡಗಿದರು. ಅವನು ಕತ್ತಿಯನ್ನು ಕಾಯಿಗೆ ಕಚ್ಚಿಸಿ ನಿಂತು ಪೂರ್ತಿ ಕೇಳಿಸಿಕೊಂಡ. ಮಂಗಳೂರಿಗೆ ಅರ್ಧ ಗಂಟೆ ತಡವಾಗಿ ತಲುಪಿದೆವು. ಮಗಳು ಅಷ್ಟರಲ್ಲಿ ಅನ್ನವನ್ನು ಮತ್ತೊಮ್ಮೆ ಬಿಸಿ ಮಾಡಿದ್ದಳು.